ಊರು ಕಟ್ಟುವ ಬೇಸಿಗೆ

ಪರೀಕ್ಷೆಗಳು ಮುಗಿದು ಬೇಸಿಗೆಯ ಬಿಡುವು ಸಮೀಪಿಸಿದೊಡನೆ, ಕಾಲೇಜು ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ಇಂಟರ್ನ್‌ಷಿಪ್ ಎಲ್ಲಿ ಸಿಕ್ಕಿತು ಎಂಬುದೇ ಆ ಪ್ರಶ್ನೆ. ಹಿಂದೆ ರಜೆಯೆಂದರೆ ಅಜ್ಜನ ಊರು, ಜಾತ್ರೆ, ಮದುವೆ ಮನೆಯ ಓಡಾಟ, ಹೊಲದ ಕೆಲಸ ಇಷ್ಟೇ ಆಗಿತ್ತು. ಈಗ ಎರಡು ತಿಂಗಳ ಮಟ್ಟಿಗೆ ಯಾವುದಾದರೂ ಸಂಸ್ಥೆಯನ್ನು ಸೇರಿ, ಅಲ್ಲಿಯ ಕೆಲಸವನ್ನು ಕಂಡು, ಮಾಡಿ, ಕಲಿತು, ಪ್ರಮಾಣಪತ್ರದೊಂದಿಗೆ ಮರಳುವುದು ವಿದ್ಯಾಭ್ಯಾಸದ ಒಂದು ಅಂಗವೇ ಆಗಿದೆ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿಯೂ ಅದು ಕಡ್ಡಾಯವಾಗಿದೆ. ಕಾಲಕ್ಕೆ ತಕ್ಕ ಈ ಏರ್ಪಾಡನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹೀಗೆ ಹೋದ ವಿದ್ಯಾರ್ಥಿಯಿಂದ, ಅವನಿಗೆ ಕೆಲಸ ಕಲಿಸಿದ ಊರಿಗೆ ಏನು ದೊರೆಯಿತೆಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಬೇಕಾಗಿ ಬಂದ ದೂರದ ನಗರವೊಂದರ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡಬಯಸುತ್ತೇವೆ.

ಆ ನಗರದ ಹೆಸರು ನ್ಯೂ ಆರ್ಲಿಯನ್ಸ್. ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ, ಮಿಸಿಸಿಪ್ಪಿ ಮಹಾನದಿಯು ಸಮುದ್ರವನ್ನು ಸೇರುವ ಪ್ರದೇಶಕ್ಕೆ ಸಮೀಪದಲ್ಲಿದೆ. 1718ರಲ್ಲಿ ಫ್ರೆಂಚರು ಸ್ಥಾಪಿಸಿದ ಈ ಊರಿನ ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಪಾಂಚರ್ಟ್ರೇನ್ ಎಂಬ ವಿಶಾಲ ಸರೋವರ. ಮೊದಲು ಬಂದು ನೆಲೆಸಿದವರು ನದಿಯ ದಂಡೆಯ ಎತ್ತರದ ನೆಲವನ್ನು ಆರಿಸಿಕೊಂಡರು. ಕಾಲಕ್ರಮದಲ್ಲಿ ಜನ ಹೆಚ್ಚಿದಂತೆ, ಹಿಂಬದಿಯ ಜೌಗು ನೆಲದ ನೀರನ್ನು ಯಂತ್ರಗಳಿಂದ ಹೊರಹಾಕಿ ಅಲ್ಲಿಯೂ ಬಡಾವಣೆಗಳನ್ನು ಕಟ್ಟಿದರು. ನೀರು ಬಸಿದ ಜೌಗು ಮಣ್ಣು ಒಣಗಿ ಕುಗ್ಗುತ್ತದೆ. ಹೀಗೆ ಕುಗ್ಗಿ ಕುಗ್ಗಿ ನಗರದ ಸುಮಾರು ಅರ್ಧಭಾಗ ಸಮುದ್ರಮಟ್ಟಕ್ಕಿಂತ ಕೆಳಕ್ಕೆ ಇಳಿಯಿತು. ಸುತ್ತಲೂ ಒಡ್ಡುಗಳು, ನಡುವೆ ಬಟ್ಟಲಿನಂತಹ ಊರು. ಒಡ್ಡು ಗಟ್ಟಿಯಾಗಿರುವ ತನಕ ಮಾತ್ರ ಅಲ್ಲಿ ಬದುಕು.

2005ರ ಆಗಸ್ಟ್ 29ರಂದು ಕತ್ರಿನಾ ಎಂಬ ಚಂಡಮಾರುತ ಆ ಕರಾವಳಿಯನ್ನು ಅಪ್ಪಳಿಸಿತು. ಗಾಳಿಯಿಂದಾದ ಹಾನಿಗಿಂತ ಒಡ್ಡುಗಳೊಡೆದು ಆದ ಹಾನಿಯೇ ಅಧಿಕ. ನಗರದೊಳಗಿನ ಕಾಲುವೆಗಳ ಗೋಡೆಗಳು ಹಲವೆಡೆ ಕುಸಿದು, ಊರಿನ ಶೇಕಡಾ 80ರಷ್ಟು ಭಾಗ ನೀರಿನಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಅಸುನೀಗಿದರು. ಬಟ್ಟಲಿನ ಆಕಾರದ ನೆಲವಾದ್ದರಿಂದ ನೀರು ತಾನಾಗಿ ಹರಿದುಹೋಗಲಿಲ್ಲ. ವಾರಗಟ್ಟಲೆ ಯಂತ್ರಗಳಿಂದ ಅದನ್ನು ಎತ್ತಿ ಹಾಕಬೇಕಾಯಿತು. ಒಡ್ಡುಗಳ ವಿನ್ಯಾಸದಲ್ಲಿಯೇ ದೋಷಗಳಿದ್ದುವೆಂದು, ಅವುಗಳನ್ನು ನಿರ್ಮಿಸಿದ ಸೇನಾ ಇಂಜಿನಿಯರುಗಳ ಇಲಾಖೆಯೇ 2006ರಲ್ಲಿ ಒಪ್ಪಿಕೊಂಡಿತು. ಪ್ರಕೃತಿಯ ಮುನಿಸಿಗೆ ಮನುಷ್ಯನ ಅಲಕ್ಷ್ಯವೂ ಸೇರಿದಾಗ ಒದಗುವ ದುರಂತ ಎಂತಹದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಈ ನಗರದಲ್ಲಿ ಟುಲೇನ್ ಎಂಬ ಹಳೆಯ ವಿಶ್ವವಿದ್ಯಾಲಯವಿದೆ. 1834ರಲ್ಲಿ ವೈದ್ಯಕೀಯ ಕಾಲೇಜಾಗಿ ಆರಂಭಗೊಂಡ ಸಂಸ್ಥೆಯದು. ಆಗಸ್ಟ್ 27ರ ಬೆಳಿಗ್ಗೆ, ಅಂದರೆ ಚಂಡಮಾರುತಕ್ಕೆ ಎರಡು ದಿನ ಮೊದಲು, ಹೊಸ ವಿದ್ಯಾರ್ಥಿಗಳು ತಂದೆತಾಯಿಗಳೊಡನೆ ಪೆಟ್ಟಿಗೆಗಳನ್ನು ಹೊತ್ತು ವಸತಿನಿಲಯಗಳಿಗೆ ಬಂದಿದ್ದರು. ಅದೇ ದಿನ ಅವರನ್ನು ಊರು ಬಿಡುವಂತೆ ಕೇಳಿಕೊಳ್ಳಬೇಕಾಯಿತು. ಆ ವರ್ಷದ ಮೊದಲ ಅವಧಿಯ ಪಾಠಗಳೆಲ್ಲವೂ ರದ್ದಾದುವು. ದೇಶದ ನೂರಾರು ಕಾಲೇಜುಗಳು ಬಾಗಿಲು ತೆರೆದು ಈ ವಿದ್ಯಾರ್ಥಿಗಳಿಗೆ ತಾತ್ಕಾಲಿಕವಾಗಿ ಸ್ಥಳ ಕೊಟ್ಟುವು. ಅದೇ ನಗರದ ಡಿಲ್ಲಾರ್ಡ್ ವಿಶ್ವವಿದ್ಯಾಲಯ ಕಪ್ಪು ಜನಾಂಗದ ಮಕ್ಕಳ ಶಿಕ್ಷಣಕ್ಕಾಗಿಯೇ ಬೆಳೆದುಬಂದ ಸಂಸ್ಥೆ. ಅದರ ಆವರಣ ನೀರಿನಲ್ಲಿ ಮುಳುಗಿದ್ದಲ್ಲದೆ ಬೆಂಕಿಯ ಅನಾಹುತಕ್ಕೂ ಈಡಾಯಿತು. ಅದರ ವಿದ್ಯಾರ್ಥಿಗಳು 2006ರ ಆರಂಭದ ತಿಂಗಳುಗಳಲ್ಲಿ ನದಿದಂಡೆಯ ಹೋಟೆಲೊಂದರಲ್ಲಿ ವಾಸಿಸಿ, ಅಲ್ಲಿಯೇ ಪಾಠ ಕೇಳಿದರು.

2006ರ ಜನವರಿಯಲ್ಲಿ ಟುಲೇನ್ ಮತ್ತೆ ತೆರೆಯಿತು. ಹೊರಗೆ ಹೋಗಿದ್ದ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಮರಳಿದರು. ಆದರೆ ಅವರು ಮರಳಿದ್ದು ಹಳೆಯ ಊರಿಗಲ್ಲ. ಬೀದಿ ಬೀದಿಗಳು ಖಾಲಿ. ಮನೆಗಳ ಗೋಡೆಯ ಮೇಲೆ ನೀರು ನಿಂತ ಎತ್ತರದ ಕಂದು ಗೆರೆ. ಬಾಗಿಲುಗಳ ಬಳಿ, ಒಳಗೆ ಹುಡುಕಿದ ದಿನವನ್ನೂ ಸಿಕ್ಕ ಶವಗಳ ಸಂಖ್ಯೆಯನ್ನೂ ರಕ್ಷಣಾ ದಳದವರು ಬಣ್ಣದಿಂದ ಬರೆದಿದ್ದ ಗುರುತುಗಳು. ವಿಶ್ವವಿದ್ಯಾಲಯವು ಆ ಕಾಲದಲ್ಲಿ ನಗರದಲ್ಲಿಯೇ ಅತಿ ಹೆಚ್ಚು ಜನರಿಗೆ ಉದ್ಯೋಗ ಕೊಟ್ಟಿದ್ದ ಖಾಸಗಿ ಸಂಸ್ಥೆಯಾಗಿತ್ತು. ಊರು ಉಳಿಯದಿದ್ದರೆ ತಾನೂ ಉಳಿಯಲಾರೆನೆಂಬ ಸತ್ಯ ಅದಕ್ಕೆ ಸ್ಪಷ್ಟವಾಗಿತ್ತು. ಅಂದಿನ ಅಧ್ಯಕ್ಷರಾದ ಸ್ಕಾಟ್ ಕೋವನ್ ಅವರ ಮುಂದಾಳುತನದಲ್ಲಿ ಒಂದು ನಿರ್ಣಯವಾಯಿತು. 2006ರಲ್ಲಿ ಪದವಿ ತರಗತಿಗಳಿಗೆ ಸೇರುವವರು ಮೊದಲ್ಗೊಂಡು, ಪ್ರತಿ ವಿದ್ಯಾರ್ಥಿಯೂ ಸಾರ್ವಜನಿಕ ಸೇವೆಯನ್ನು ಪೂರೈಸದೆ ಪದವಿ ಪಡೆಯುವಂತಿಲ್ಲ ಎಂಬುದೇ ಆ ನಿರ್ಣಯ. ಮೊದಲ ಎರಡು ವರ್ಷಗಳಲ್ಲಿ ಸೇವೆಯೊಡನೆ ಕೂಡಿದ ಒಂದು ಪಾಠ. ಮುಂದಿನ ವರ್ಷಗಳಲ್ಲಿ ಇನ್ನೂ ಮೇಲ್ಮಟ್ಟದ ಸೇವಾನುಭವ. ಈ ಎರಡನೆಯದನ್ನು ನಗರದ ಸಂಸ್ಥೆಗಳಲ್ಲಿ ಇಂಟರ್ನ್ ಆಗಿ ದುಡಿದೂ ಪೂರೈಸಬಹುದಾಗಿತ್ತು. ಇದಕ್ಕೆಂದೇ ಸಾರ್ವಜನಿಕ ಸೇವಾ ಕೇಂದ್ರವೊಂದು ಆರಂಭವಾಯಿತು.

ಇತರ ವಿಶ್ವವಿದ್ಯಾಲಯಗಳೂ ಸುಮ್ಮನೆ ಕುಳಿತಿರಲಿಲ್ಲ. ರಜೆ ಬಂದಿತೆಂದರೆ ದೇಶದ ನಾನಾ ಕಡೆಗಳಿಂದ ವಿದ್ಯಾರ್ಥಿಗಳು ಈ ಊರಿಗೆ ಬರತೊಡಗಿದರು. ಉತ್ತರ ಕೆರೊಲಿನ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯವು 2007ರಲ್ಲಿ 3 ಕೋಟಿ ಡಾಲರುಗಳ ದತ್ತಿಯ ನೆರವಿನಿಂದ, ಬೇಸಿಗೆಯಲ್ಲಿ ಕನಿಷ್ಠ ಎಂಟು ವಾರ ಪೂರ್ಣಾವಧಿ ಸೇವೆ ಸಲ್ಲಿಸುವ ಯೋಜನೆಯನ್ನು ಆರಂಭಿಸಿತು. ಅದರ ಸೇವಾಕ್ಷೇತ್ರಗಳಲ್ಲಿ ನ್ಯೂ ಆರ್ಲಿಯನ್ಸ್ ಕೂಡ ಒಂದಾಯಿತು. ಪ್ರಯಾಣ ಮತ್ತು ವಾಸದ ವೆಚ್ಚವನ್ನು ವಿಶ್ವವಿದ್ಯಾಲಯವೇ ವಹಿಸಿಕೊಂಡದ್ದು ಗಮನಾರ್ಹ. ಇಲ್ಲವಾದರೆ ಬೇಸಿಗೆಯಲ್ಲಿ ದುಡಿದು ಮುಂದಿನ ವರ್ಷದ ಶುಲ್ಕ ಕಟ್ಟಬೇಕಾದ ಬಡ ವಿದ್ಯಾರ್ಥಿಗೆ ಸೇವೆಯ ಅವಕಾಶವೇ ಇರುತ್ತಿರಲಿಲ್ಲ. ಸೇವೆ ಉಳ್ಳವರ ಮಕ್ಕಳ ಹವ್ಯಾಸವಾಗಿ ಉಳಿದುಬಿಡುತ್ತಿತ್ತು.

ಹೀಗೆ ಬಂದ ಯುವಕ ಯುವತಿಯರ ಪಾಲಿಗೆ ಯಾವ ಕೆಲಸ ಬಂದಿತೆಂಬುದನ್ನು ತಿಳಿಯುವುದು ಅಗತ್ಯ. ಮೊದಮೊದಲು ಅದು ಬರಿಯ ಮೈಮುರಿಯುವ ಕೆಲಸ. ವಾರಗಟ್ಟಲೆ ನೀರು ನಿಂತ ಮನೆಯೊಳಗೆ ಬೂಸಲು ಹಬ್ಬಿರುತ್ತದೆ. ಹಾಸಿಗೆ, ಪುಸ್ತಕ, ಮದುವೆಯ ಭಾವಚಿತ್ರ ಎಲ್ಲವನ್ನೂ ಹೊರಗೆ ಹೊತ್ತು ಹಾಕಬೇಕು. ಗೋಡೆಯ ಹಲಗೆಗಳನ್ನು ಕಿತ್ತು, ಮರದ ಚೌಕಟ್ಟು ಮಾತ್ರ ಉಳಿಯುವವರೆಗೆ ಮನೆಯನ್ನು ಬರಿದು ಮಾಡಬೇಕು. ಆಮೇಲೆಯೇ ದುರಸ್ತಿಯ ಮಾತು. ಎರಡನೆಯ ಹಂತದಲ್ಲಿ ಕಾಗದಪತ್ರದ ಕೆಲಸ ಆರಂಭವಾಯಿತು. ಮನೆ ಕಳೆದುಕೊಂಡವರಿಗೆ ನೆರವು ನೀಡಲು ರಾಜ್ಯಸರಕಾರವು ‘ರೋಡ್ ಹೋಮ್’, ಅಂದರೆ ಮನೆಯ ದಾರಿ ಎಂಬ ಯೋಜನೆಯನ್ನು ತಂದಿತ್ತು. ಅದರ ನಿಯಮಗಳು ತೊಡಕಿನವು. ಮನೆಯ ಹಳೆಯ ಬೆಲೆ ಮತ್ತು ದುರಸ್ತಿಯ ವೆಚ್ಚ ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಆಧಾರದ ಮೇಲೆ ನೆರವನ್ನು ಲೆಕ್ಕ ಹಾಕುತ್ತಿದ್ದರು. ಬಡ ಬಡಾವಣೆಯಲ್ಲಿ ಮನೆಯ ಬೆಲೆ ಕಡಿಮೆ. ಆದರೆ ಗಾರೆ, ಮರ, ಕೂಲಿಯ ದರ ಎಲ್ಲ ಕಡೆಯೂ ಒಂದೇ. ಆದಕಾರಣ ಬಡವನಿಗೆ ಸಿಕ್ಕ ಹಣ ಅವನ ಮನೆ ಕಟ್ಟಲು ಸಾಲದಾಯಿತು. ಈ ಅನ್ಯಾಯದ ವಿರುದ್ಧ ಹೂಡಿದ ದಾವೆ 2011ರಲ್ಲಿ ರಾಜಿಯಲ್ಲಿ ಮುಗಿಯಿತು. ಇಂತಹ ಸನ್ನಿವೇಶದಲ್ಲಿ ವೃದ್ಧರೊಬ್ಬರ ಬಳಿ ಕುಳಿತು ಅರ್ಜಿಯ ಪುಟಗಳನ್ನು ಓದಿ ಹೇಳಿ ತುಂಬಿಸಿಕೊಡುವ ವಿದ್ಯಾರ್ಥಿಯ ಸೇವೆ, ಗೋಡೆ ಕೀಳುವವನ ಸೇವೆಗಿಂತ ಕಡಿಮೆಯದೇನೂ ಅಲ್ಲ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಬಡಾವಣೆಯ ವಿಚಾರಕ್ಕೆ ಬರೋಣ. ನಗರದ ನಡುವೆ ಬ್ರಾಡ್‌ಮೂರ್ ಎಂಬ ಬಡಾವಣೆಯಿದೆ. ಬಟ್ಟಲಿನ ತಳದಲ್ಲಿರುವ ತಗ್ಗು ಪ್ರದೇಶ. ಸುಮಾರು 2,400 ಮನೆಗಳು. ಕಪ್ಪು ಜನರೂ ಬಿಳಿಯರೂ, ಸಿರಿವಂತರೂ ಬಡವರೂ ಒಟ್ಟಿಗೆ ವಾಸಿಸುವ ಸ್ಥಳ. ಪ್ರವಾಹದಲ್ಲಿ ಅದು ಮುಳುಗಿತ್ತು. 2006ರ ಜನವರಿ 11ರಂದು ನಗರದ ಪುನರ್ನಿರ್ಮಾಣ ಆಯೋಗವು ತನ್ನ ಸಲಹೆಗಳನ್ನು ಪ್ರಕಟಿಸಿತು. ಅಂದಿನ ಪತ್ರಿಕೆಯಲ್ಲಿ ನಗರದ ನಕ್ಷೆಯೊಂದು ಅಚ್ಚಾಗಿತ್ತು. ಅದರ ಮೇಲೆ ಕೆಲವು ಹಸಿರು ಚುಕ್ಕೆಗಳು. ಆ ಚುಕ್ಕೆ ಬಿದ್ದ ಜಾಗಗಳು ಮುಂದೆ ಉದ್ಯಾನಗಳಾಗಬಹುದು ಎಂಬುದು ಅದರ ಅರ್ಥ. ಒಂದು ಚುಕ್ಕೆ ಬ್ರಾಡ್‌ಮೂರಿನ ಮೇಲೆಯೇ ಬಿದ್ದಿತ್ತು. ಬಡಾವಣೆಗಳು ತಾವು ಮತ್ತೆ ಬದುಕಬಲ್ಲೆವೆಂಬುದನ್ನು ನಾಲ್ಕು ತಿಂಗಳೊಳಗೆ ರುಜುವಾತುಪಡಿಸಬೇಕೆಂದು ಸಲಹೆಯಲ್ಲಿತ್ತು. ಊರು ಬಿಟ್ಟು ನೂರಾರು ಮೈಲಿ ದೂರದಲ್ಲಿ ಬಂಧುಗಳ ಮನೆಯಲ್ಲೋ ಬಾಡಿಗೆಯ ಕೋಣೆಯಲ್ಲೋ ದಿನ ನೂಕುತ್ತಿದ್ದವರಿಗೆ, ತಮ್ಮ ಮನೆಯ ಮೇಲೆ ಯಾರೋ ಇಟ್ಟ ಆ ಚುಕ್ಕೆ ಹೇಗೆ ಕಂಡಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಬ್ರಾಡ್‌ಮೂರಿನ ಜನ ಎದೆಗುಂದಲಿಲ್ಲ. 1930ರಿಂದಲೂ ಅವರದೊಂದು ನಾಗರಿಕ ಸಂಘವಿತ್ತು. ಲಟೋಯಾ ಕ್ಯಾಂಟ್ರೆಲ್ ಎಂಬ ಮಹಿಳೆ ಆಗ ಅದರ ಅಧ್ಯಕ್ಷೆಯಾಗಿದ್ದರು. ಮುಂದೆ 2018ರಲ್ಲಿ ಅವರೇ ಆ ನಗರದ ಮೊದಲ ಮಹಿಳಾ ಮೇಯರ್ ಆದರು. ಸಂಘವು ಸಭೆ ಸೇರಿಸಿತು. ಬ್ರಾಡ್‌ಮೂರ್ ಬದುಕಿದೆ ಎಂದು ಸಾರುವ ಫಲಕಗಳು ಮನೆಗಳ ಮುಂದೆ ನಿಂತುವು. ಯಾವ ಬೀದಿಯವರು ಎಲ್ಲಿ ಚದುರಿದ್ದಾರೆಂದು ಹುಡುಕಿ ಅವರೊಡನೆ ಸಂಪರ್ಕವಿರಿಸಿಕೊಳ್ಳಲು ಬೀದಿಗೊಬ್ಬರಂತೆ ಹೊಣೆಗಾರರನ್ನು ನೇಮಿಸಿದರು. ಯಾರೋ ನಮಗಾಗಿ ಯೋಜನೆ ಬರೆಯುವ ಮೊದಲು ನಮ್ಮ ಯೋಜನೆಯನ್ನು ನಾವೇ ಬರೆಯೋಣವೆಂದು ನಿಶ್ಚಯಿಸಿದರು.

ಈ ಹಂತದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನಡಿ ಶಾಲೆ ಅವರಿಗೆ ನೆರವಾಗಿ ಬಂದಿತು. 2006ರ ವಸಂತದ ಬಿಡುವಿನಲ್ಲಿ ಅದರ ವಿದ್ಯಾರ್ಥಿಗಳು ಬಂದರು. ಬಳಿಕ ಬೇಸಿಗೆಗಳಲ್ಲಿ ಇಂಟರ್ನ್‌ಗಳಾಗಿ ಬಂದು ನೆಲೆಸಿ ದುಡಿದರು. ಬಾರ್ಡ್ ಕಾಲೇಜಿನ ವಿದ್ಯಾರ್ಥಿಗಳೂ ಬಂದರು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಇವರು ಆಡಳಿತ, ನಗರಯೋಜನೆ, ಅರ್ಥಶಾಸ್ತ್ರಗಳನ್ನು ಓದುತ್ತಿದ್ದ ಬುದ್ಧಿವಂತ ಮಕ್ಕಳು. ತಾವೇ ಒಂದು ಯೋಜನೆಯನ್ನು ರಚಿಸಿ ಜನರ ಕೈಗಿಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಆದರೆ ನಿರ್ಧಾರ ಜನರದು, ನೆರವು ವಿದ್ಯಾರ್ಥಿಗಳದು ಎಂಬ ಕಟ್ಟುಪಾಡಿಗೆ ಅವರು ಒಳಪಟ್ಟರು. ಸಭೆಗಳಲ್ಲಿ ಜನ ಆಡಿದ್ದನ್ನು ಬರೆದುಕೊಳ್ಳುವುದು, ಮನೆಮನೆಗೆ ಹೋಗಿ ಯಾವ ಮನೆ ದುರಸ್ತಿಯಾಗುತ್ತಿದೆ, ಯಾವುದು ಪಾಳು ಬಿದ್ದಿದೆಯೆಂದು ಪಟ್ಟಿ ಮಾಡುವುದು, ಅಂಕಿ ಅಂಶಗಳನ್ನು ನಕ್ಷೆಗೆ ಇಳಿಸುವುದು, ನೆರವು ಕೋರುವ ಪತ್ರಗಳನ್ನು ಸಿದ್ಧಪಡಿಸುವುದು ಅವರ ಕೆಲಸವಾಯಿತು. ಆ ವರ್ಷದ ಬೇಸಿಗೆಯಲ್ಲಿಯೇ ಬ್ರಾಡ್‌ಮೂರಿನ ಜನ ತಮ್ಮ ಪುನರ್ನಿರ್ಮಾಣ ಯೋಜನೆಯನ್ನು ಪೂರ್ಣಗೊಳಿಸಿದರು.

ಮನೆಮನೆಯ ಪಟ್ಟಿಯೆಂದರೆ ಮೇಲುನೋಟಕ್ಕೆ ಅಲ್ಪಕಾರ್ಯವೆನಿಸುತ್ತದೆ. ಆದರೆ ಒಂದು ಬೀದಿಯಲ್ಲಿ ಇಷ್ಟು ಕುಟುಂಬಗಳು ಮರಳಿವೆ, ಇಷ್ಟು ಮರಳಲು ಸಿದ್ಧವಾಗಿವೆ ಎಂಬ ಖಚಿತ ಲೆಕ್ಕ ಕೈಯಲ್ಲಿದ್ದಾಗ ಹಸಿರು ಚುಕ್ಕೆಗೆ ಉತ್ತರ ಹೇಳಬಹುದು. ಊರಿನ ಹಟಕ್ಕೆ ವಿದ್ಯೆಯ ಲೆಕ್ಕ ಸೇರಿದಾಗ ಅದನ್ನು ಯಾವ ಆಯೋಗವೂ ಸುಲಭವಾಗಿ ತಳ್ಳಿಹಾಕಲಾರದು. ಮುಂದಿನ ವರ್ಷಗಳಲ್ಲಿ ಬ್ರಾಡ್‌ಮೂರ್ ಉದ್ಯಾನವಾಗಲಿಲ್ಲ, ಊರಾಗಿಯೇ ಉಳಿಯಿತು. ಅದರ ವಿಲ್ಸನ್ ಶಾಲೆ 2010ರಲ್ಲಿ ಹೊಸ ರೂಪದಿಂದ ತೆರೆಯಿತು. ರೋಸಾ ಕೆಲ್ಲರ್ ಗ್ರಂಥಾಲಯ 2012ರಲ್ಲಿ ಮತ್ತೆ ಓದುಗರಿಗೆ ದೊರೆಯಿತು. ಬೇಸಿಗೆಯಲ್ಲಿ ಬಂದು ಹೋದ ವಿದ್ಯಾರ್ಥಿಗಳ ಹೆಸರು ಆ ಗೋಡೆಗಳ ಮೇಲೆ ಇಲ್ಲದಿರಬಹುದು. ಆದರೂ ಅವರ ದುಡಿಮೆ ಅಲ್ಲಿ ಸೇರಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಕಾಣಿಸದಿದ್ದರೆ ಲೇಖನ ಏಕಪಕ್ಷೀಯವಾದೀತು. ಹೊರಗಿನಿಂದ ಬರುವ ಯುವಕರ ಉತ್ಸಾಹ ಯಾವಾಗಲೂ ಊರಿಗೆ ಹಿತವಾಗುತ್ತದೆಂದು ಹೇಳಲಾಗದು. ಪ್ರವಾಹದ ಬಳಿಕ ನ್ಯೂ ಆರ್ಲಿಯನ್ಸಿನ ಸಾರ್ವಜನಿಕ ಶಾಲೆಗಳ ಸುಮಾರು 7,500 ನೌಕರರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಅನುಭವಿ ಶಿಕ್ಷಕರು ಮತ್ತು ಸಿಬ್ಬಂದಿ. ಮನೆ ಮುಳುಗಿದವರಿಗೆ ವೃತ್ತಿಯೂ ಹೋಯಿತು. ಶಾಲೆಗಳು ಹೊಸ ವ್ಯವಸ್ಥೆಯಡಿಯಲ್ಲಿ ತೆರೆದಾಗ, ಆ ಸ್ಥಾನಗಳಲ್ಲಿ ಹಲವಕ್ಕೆ ದೂರದ ವಿಶ್ವವಿದ್ಯಾಲಯಗಳಿಂದ ಆಗತಾನೆ ಹೊರಬಂದ ತರುಣರು ಬಂದರು. ಅವರ ಉದ್ದೇಶ ಒಳ್ಳೆಯದೇ ಇದ್ದಿತು. ಆದರೆ ಅವರು ನಿಂತ ಜಾಗದಲ್ಲಿ ನಿನ್ನೆಯವರೆಗೆ ಊರಿನ ಮನುಷ್ಯರೊಬ್ಬರು ನಿಂತಿದ್ದರು. ತೆಗೆದುಹಾಕಲ್ಪಟ್ಟವರು ನ್ಯಾಯಾಲಯದ ಮೆಟ್ಟಿಲೇರಿದರು; ವರ್ಷಗಳ ಕಾಲ ಹೋರಾಡಿದರು; 2014ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತರು. ಮಕ್ಕಳಿಗೆ ಕಲಿಸಲು ಬಂದವನ ಸೇವೆಯಿಂದ ಇನ್ನೊಬ್ಬ ತಾಯಿಯ ಅನ್ನಕ್ಕೆ ಸಂಚಕಾರ ಬಂದರೆ, ಆ ಸೇವೆಯ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ.

ಎಂಟು ವಾರಗಳ ಮಿತಿಯೂ ಚಿಕ್ಕ ತೊಡಕಲ್ಲ. ಮೊದಲ ಎರಡು ವಾರ ಬೀದಿಗಳ ಹೆಸರು ಕಲಿಯುವುದರಲ್ಲಿ ಕಳೆಯುತ್ತದೆ. ಕೊನೆಯ ವಾರ ಬೀಳ್ಕೊಡುಗೆಗೆ ಸಲ್ಲುತ್ತದೆ. ತಮ್ಮ ಕಷ್ಟದ ಕತೆಯನ್ನು ಮೊದಲಿನಿಂದ ಮತ್ತೆ ಹೇಳುವ ಶ್ರಮ ಪ್ರತಿ ಬೇಸಿಗೆಯೂ ಊರಿನವರಿಗೇ ಬರುತ್ತದೆ. ಬಂದವರು ತಾವು ಮಾಡಿದ್ದನ್ನು ಕ್ರಮವಾಗಿ ಬರೆದಿಟ್ಟು, ಊರಿನವರೊಬ್ಬರಿಗೆ ಕಲಿಸಿ, ಮುಂದೆ ಬರುವವರ ಕೈಗೆ ದಾಟಿಸಿ ಹೋದರೆ ಮಾತ್ರ ಈ ದೋಷಕ್ಕೆ ಪರಿಹಾರ. ಬ್ರಾಡ್‌ಮೂರಿನಲ್ಲಿ ಊರಿನ ಸಂಘವೇ ಕೇಂದ್ರವಾಗಿದ್ದುದರಿಂದ ಬಂದವರು ಹೋದರೂ ಕೆಲಸ ನಿಲ್ಲಲಿಲ್ಲ. ಅಂತಹ ಸಂಘಬಲವಿಲ್ಲದ ಎಡೆಗಳಲ್ಲಿ ನೆರವು ಬೇಸಿಗೆಯ ಮಳೆಯಂತೆ ಸುರಿದು ಇಂಗಿಹೋಯಿತು.

ನಗರವೆಲ್ಲವೂ ಮೊದಲಿನಂತಾಯಿತೆಂದು ಯಾರೂ ಭಾವಿಸಬಾರದು. 2000ದ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ 4,84,674. 2010ರಲ್ಲಿ ಅದು 3,43,829ಕ್ಕೆ ಇಳಿದಿತ್ತು. 2020ರ ಗಣತಿಯಲ್ಲಿ 3,83,997 ಆಯಿತು. ಹದಿನೈದು ವರ್ಷಗಳ ಮೇಲೂ ಒಂದು ಲಕ್ಷ ಜನರ ಕೊರತೆ ತುಂಬಿರಲಿಲ್ಲ. ಲೋವರ್ ನೈನ್ತ್ ವಾರ್ಡ್ ಎಂಬ ಬಡವರ ಬಡಾವಣೆಯಲ್ಲಿ ಹುಲ್ಲು ಬೆಳೆದ ಖಾಲಿ ನಿವೇಶನಗಳು ಬಹುಕಾಲ ಉಳಿದುವು. ಊರು ಬೀಳಲು ಒಂದು ಮುಂಜಾನೆ ಸಾಕು; ಏಳಲು ಒಂದು ತಲೆಮಾರು ಬೇಕು.

ಈ ದೂರದ ಊರಿನ ಮಾತು ನಮ್ಮ ಮನೆಗಳಿಗೆ ಏತಕ್ಕೆಂದು ಕೆಲವರು ಕೇಳಬಹುದು. ನಮ್ಮ ಮಕ್ಕಳೂ ಇಂಟರ್ನ್‌ಷಿಪ್ಪಿಗೆ ಹೋಗುತ್ತಿದ್ದಾರೆ. ಕೆಲವರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿಯೇ ಓದುತ್ತಿದ್ದಾರೆ. ಹೋಗುವ ಮೊದಲು ಸಂಬಳ ಎಷ್ಟು, ಹೆಸರು ಎಂತಹದು, ಮುಂದೆ ನೌಕರಿಗೆ ಅನುಕೂಲವೇ ಎಂದು ವಿಚಾರಿಸುತ್ತೇವೆ. ವಿಚಾರಿಸುವುದು ತಪ್ಪಲ್ಲ. ದುಡಿಮೆಗೆ ತಕ್ಕ ಪ್ರತಿಫಲ ಕೇಳುವುದೂ ತಪ್ಪಲ್ಲ. ಆದರೆ ಮಗ ಅಥವಾ ಮಗಳು ಮರಳಿ ಬಂದ ದಿನ ಇನ್ನೂ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತವೆಂದು ನಮ್ಮ ಭಾವನೆ. ಅಲ್ಲಿಯ ಜನ ನಿನ್ನಿಂದ ಏನನ್ನು ಬಯಸಿದ್ದರು? ನಿನಗೆ ಕೆಲಸ ಕಲಿಸಿದವರು ಯಾರು? ನೀನು ಬಂದ ಮೇಲೆ ಅಲ್ಲಿ ಉಳಿದದ್ದೇನು? ಈ ಪ್ರಶ್ನೆಗಳಿಗೆ ಉತ್ತರವಿದ್ದರೆ ಆ ಬೇಸಿಗೆ ಸಾರ್ಥಕವಾಯಿತೆಂದು ತಿಳಿಯಬಹುದು. ಹಣ ತೆತ್ತು ಪ್ರಮಾಣಪತ್ರವನ್ನು ಮಾತ್ರ ಪಡೆದು ಬಂದಿದ್ದರೆ, ಅದು ಕಪಾಟಿನಲ್ಲಿ ಉಳಿಯುತ್ತದೆಯೇ ಹೊರತು ಕೈಗೆ ಹತ್ತುವುದಿಲ್ಲ.

ಊರು ಕಟ್ಟುವ ಕೆಲಸದಲ್ಲಿ ವಿದ್ಯಾವಂತನ ಸ್ಥಾನ ದೊಡ್ಡದೇ. ಆದರೆ ಮೊದಲ ಸ್ಥಾನ ಆ ಊರಿನವರದು. ಬಿದ್ದ ಮನೆಯೊಡೆಯನ ಮಾತನ್ನು ಕಿವಿಗೊಟ್ಟು ಕೇಳುವ ಸಹನೆ ಇರುವ ತರುಣನ ಕೈಯಲ್ಲಿ ಲೆಕ್ಕದ ಪುಸ್ತಕವೂ ಗುದ್ದಲಿಯಷ್ಟೇ ಉಪಕಾರಿ. ಆ ಸಹನೆಯನ್ನು ಕಲಿಸುವ ಪಾಠಶಾಲೆ ಮನೆಯೇ ಆಗಿದೆ. ಹಿರಿಯರು ಮಾತನಾಡುವಾಗ ಕೇಳಿಸಿಕೊಳ್ಳುವುದು, ಕೈಗೆತ್ತಿಕೊಂಡ ಕೆಲಸವನ್ನು ನಡುವೆ ಬಿಡದಿರುವುದು, ಮಾಡಿದ್ದನ್ನು ಹೇಳಿಕೊಳ್ಳದೆ ಮುಂದಿನವರಿಗೆ ಒಪ್ಪಿಸುವುದು, ಇವು ಯಾವ ವಿಶ್ವವಿದ್ಯಾಲಯವೂ ಎಂಟು ವಾರಗಳಲ್ಲಿ ಹೊಸದಾಗಿ ಕಲಿಸಲಾರದ ಗುಣಗಳು. ಅವುಗಳನ್ನು ಬೆನ್ನಿಗೆ ಕಟ್ಟಿ ಮಕ್ಕಳನ್ನು ಕಳುಹಿಸಿಕೊಡುವ ಹೊಣೆ ತಂದೆತಾಯಿಗಳದು. ಬರುವ ಬೇಸಿಗೆಯಲ್ಲಿ ನಮ್ಮ ಮಕ್ಕಳು ಯಾವ ಊರಿಗೇ ಹೋಗಲಿ, ಆ ಊರಿಗೆ ಹಗುರವಾಗಿ ಹೋಗಿ, ಅಲ್ಲಿಯವರು ನೆನೆಯುವಂತೆ ದುಡಿದು ಬರಲೆಂದು ಹಾರೈಸುತ್ತೇವೆ.